ಕ್ಯಾಮೆರಾದ ಕಿಂಡಿ

ಹಳೆಯ ತೊಗಲಿನ ವಾಸನೆ ಬಂದರೆ ಈಗಲೂ ನನಗೆ ಚಿಕ್ಕಪ್ಪ ಕ್ಯಾಮೆರಾ ಕೊಳ್ಳಲು ಹೋದ ಮಧ್ಯಾಹ್ನ ನೆನಪಾಗುತ್ತದೆ.

ಅವನ ಕಣ್ಣು ದಿನೇದಿನೇ ಮಂಜಾಗುತ್ತಿತ್ತು. ಇದಕ್ಕೆ ಔಷಧಿಯಿಲ್ಲವೆಂದು ಡಾಕ್ಟರು ಹೇಳಿದ್ದರು. ಜಗಳೂರಿನಿಂದ ಬಸ್ಸು ಹತ್ತಿ ಬಂದು, ದಾವಣಗೆರೆ ಸ್ಟೇಷನ್ನಿನಲ್ಲಿ ಸಂಜೆಯವರೆಗೂ ಕೂತು ರೈಲು ನೋಡುವುದು ಅವನ ಹುಚ್ಚು. ಪೂರ್ತಿ ಕುರುಡಾಗುವ ಮೊದಲು ಅವುಗಳ ಫೋಟೋ ತೆಗೆದಿಡಬೇಕು, ಆಮೇಲೆ ನಾನು ನೋಡಿ ಹೇಳಬೇಕು ಎಂದು ನಮ್ಮಿಬ್ಬರಲ್ಲಿ ಮಾತಾಗಿತ್ತು.

ದಾವಣಗೆರೆಯ ಫೋಟೋ ಸ್ಟುಡಿಯೋದವರು ನಮ್ಮ ರೈಲಿನ ಮಾತು ಕೇಳಿ ತೊಗಲಿನ ಚೀಲದಿಂದ ಹಳೆಯ ಕ್ಯಾಮೆರಾ ಒಂದನ್ನು ತೆಗೆದರು. "ನಿಮ್ಮ ಕೈಗೆ ಎಟುಕೋದು ಇದೇ ರೀ. ಓಡೋ ರೈಲು ಮಸುಕಾಗತೈತೆ, ನಿಂತಿದ್ದು ಚಲೋ ಬರತೈತೆ."

"ನಿಂತಿದ್ದೇ ಸಾಕು ಬಿಡ್ರಿ," ಎಂದ ಚಿಕ್ಕಪ್ಪ ಅದರ ಕಿಂಡಿಗೆ ಕಣ್ಣಿಟ್ಟು ಬೀದಿಯ ಕಡೆ ತಿರುಗಿದ. ಬಹಳ ಹೊತ್ತು ಹಾಗೇ ನಿಂತಿದ್ದ. ಆಮೇಲೆ ನನಗಷ್ಟೇ ಕೇಳುವಂತೆ, "ಎದುರಿಗೆ ಏನೈತವ್ವ?" ಎಂದ.

"ಬಸ್ಸು ನಿಂತೈತೆ ಚಿಕ್ಕಪ್ಪ. ಕೆಂಪು ಬಸ್ಸು."

ಅವನು ತಡವರಿಸಿ ಮೇಜು ಹುಡುಕಿ ಕ್ಯಾಮೆರಾ ಇಟ್ಟ. "ಬ್ಯಾಡ ರೀ. ತಡ ಆಗೇತಿ."

ಮರಳುವಾಗ ರೈಲ್ವೆ ಗೇಟಿನಲ್ಲಿ ನಮ್ಮ ಬಸ್ಸು ನಿಂತಿತು. ರೈಲು ಬಂದಾಗ ಎಲ್ಲರೂ ಕಿಟಕಿಯತ್ತ ಬಾಗಿದರು. ಚಿಕ್ಕಪ್ಪ ಎರಡೂ ಕಿವಿ ಮುಚ್ಚಿಕೊಂಡ.