ಹಾಕದ ಬೀಗ

ಬೀಗ ರಿಪೇರಿಯ ಬೀಗದಜ್ಜ ತೀರಿಕೊಂಡ ಸುದ್ದಿ ಬೀದಿಗೆಲ್ಲ ಅದೇ ಬೆಳಿಗ್ಗೆ ಮುಟ್ಟಿತ್ತು. ಗಸ್ತಿನ ಪೇದೆಗೆ ಮುಟ್ಟಿದ್ದು ಮೂರು ವಾರದ ಮೇಲೆ. ಅದೂ ಅವನ ತಲೆ ಅಜ್ಜನ ಕಾರಿನೊಳಗೆ ಇದ್ದಾಗ.

"ಯಾರಪ್ಪಾ ಅದು? ಹೊರಗೆ ಬಾ ಮೊದಲು!"

ತಲೆ ಹೊರಗೆಳೆದುಕೊಳ್ಳುವ ಅವಸರದಲ್ಲಿ ಪೇದೆ ಟೋಪಿಯನ್ನು ಸೀಟಿನ ಮೇಲೆ ಬೀಳಿಸಿಕೊಂಡ. ಎದುರಿಗೆ ಅಜ್ಜನ ಹೆಂಡತಿ ನಿಂತಿದ್ದಳು. ಕೈಯಲ್ಲಿ ದಾರ ಕಟ್ಟಿದ ಚೀಟಿಗಳ ಕಂತೆ.

"ಬಾಗಿಲು ತೆರೆದಿತ್ತಮ್ಮ. ಕಾರುಗಳಲ್ಲಿ ಕಳ್ಳತನ ಜಾಸ್ತಿ ಆಗಿದೆ, ತೆರೆದಿದ್ದ ಕಾರಿಗೆ ನಾವೇ ಒಳಗಿನ ಗುಂಡಿ ಒತ್ತಿ ಬೀಗ ಹಾಕಿ ಚೀಟಿ ಇಟ್ಟು ಹೋಗಬೇಕು ಅಂತ ಸಾಹೇಬರ ಆರ್ಡರು."

"ನಮ್ಮ ಅಡುಗೆಮನೆ ಕಿಟಕೀನೂ ತೆರೆದಿದೆ. ಅಲ್ಲೂ ತಲೆ ತೂರಿಸಿ, ಹಾಲು ಉಕ್ತಾ ಇದೆಯಾ ಅಂತ ನೋಡಿ ಹೋಗ್ತೀಯಾ?"

"ನಾನು ಎಂಥವನು ಅಂತ ಅಜ್ಜನ್ನೇ ಕೇಳಿ ಅಮ್ಮ. ಎಲ್ಲಿ ಅವರು? ನಾನೂ ಒಂದು ತಿಂಗಳು ರಜದಲ್ಲಿದ್ದೆ."

"ಹೋಗಿಬಿಟ್ಟರಪ್ಪ. ಮೂರು ವಾರ ಆಯ್ತು. ನಿದ್ದೇಲೇ."

ಪೇದೆ ಟೋಪಿ ಎತ್ತಿಕೊಂಡ, ತಲೆಗೆ ಹಾಕಿಕೊಳ್ಳಲಿಲ್ಲ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಒಂದು ಗಳಿಗೆ ಮಾತ್ರ. ಬಂದ ಕೆಲಸ ಅರ್ಧಕ್ಕೆ ಬಿಟ್ಟು ಅಳುವ ಜಾಯಮಾನ ಅವಳದಲ್ಲ. ಚೀಟಿಗಳು ಸಿಕ್ಕಿದ್ದು ಗಂಡನ ಕೋಟಿನ ಒಳಜೇಬಿನಲ್ಲಿ. ಎಲ್ಲದರ ಮೇಲೂ ಒಂದೇ ಒಕ್ಕಣೆ: 'ನಿಮ್ಮ ಕಾರು ತೆರೆದಿತ್ತು. ಪೊಲೀಸರು ಬೀಗ ಹಾಕಿದ್ದಾರೆ.' ಎರಡು ವರ್ಷದಿಂದ ಓಡಿಸದೆ ಬೀದಿ ಬದಿ ನಿಂತ ಕಾರು ಅದು. ಆದರೂ ಅಜ್ಜ ದಿನಾ ನಾಲ್ಕು ಗಂಟೆಗೆ ಮೆಟ್ಟಿಲಿಳಿದು ಹೋಗಿ ಅದರಲ್ಲಿ ಒಂದು ತಾಸು ಕೂತು ಬರುತ್ತಿದ್ದರು. ಯಾಕೆಂದು ಕೇಳಿದರೆ "ಗಾಳಿಗೆ" ಎನ್ನುತ್ತಿದ್ದರು. ಗಾಜು ಏರಿಸಿಕೊಂಡು ಕೂತವರಿಗೆ ಎಲ್ಲಿಯ ಗಾಳಿ! ಈಗ ದೇವರ ಮುಂದೆ ಕಣ್ಣು ಮುಚ್ಚಿದರೂ ಆ ಒಂದು ತಾಸೇ ಬಂದು ಆಕೆಯ ಎದೆಯಲ್ಲಿ ಮುಳ್ಳಾಗಿ ಚುಚ್ಚುತ್ತಿತ್ತು. ನಲವತ್ತನಾಲ್ಕು ವರ್ಷ ಜೊತೆಗೆ ಬಾಳಿದವಳಿಂದ ಮುಚ್ಚಿಡುವಂಥದ್ದು ಅವರಿಗೇನಿತ್ತು?

"ಈ ಕಾರಿನ ಕೀಲಿ ಎರಡು ವರ್ಷದಿಂದ ನಮ್ಮ ಅಡುಗೆಮನೆ ಮೊಳೆಗೆ ನೇತಾಡ್ತಾ ಇದೆ," ಎಂದಳು. "ನೀನು ವಾರವಾರ ಬೀಗ ಹಾಕಿದ್ದು ನಿಜ ಆದರೆ, ಅವರು ದಿನಾ ಒಳಗೆ ಹೋಗಿ ಕೂತಿದ್ದು ಹೇಗೆ? ಹೊಗೆ ಆಗಿ ನುಸುಳ್ತಿದ್ದರಾ?"

ಬೀಗ ರಿಪೇರಿಯವರ ಹೆಂಡತಿಯಿಂದ ತಪ್ಪಿಸಿಕೊಳ್ಳುವುದು ಪೇದೆಯ ಕೈಲಾಗುವ ಮಾತಲ್ಲ. ಅವನು ಬೀದಿಯ ಎರಡೂ ತುದಿ ನೋಡಿ ದನಿ ತಗ್ಗಿಸಿದ. "ಚೀಟಿ ಬರೀತಿದ್ದೆ ಅಮ್ಮ. ಬೀಗ ಹಾಕ್ತಿರಲಿಲ್ಲ."

"ಯಾಕೆ?"

"ಅದು ಅವರ ಸ್ವಂತ ವಿಷಯ. ಮಾತು ಕೊಟ್ಟಿದೀನಿ."

"ಆಹಾ! ಬೀದಿಯವರ ಕಾರೆಲ್ಲ ತಡಕೋ ಮಹಾರಾಯನಿಗೆ ಸ್ವಂತ ವಿಷಯ ಅನ್ನೋದು ನೆನಪಾಗಿದ್ದು ಹೆಂಡತಿ ಬಂದು ಕೇಳಿದಾಗಲೇ ಏನು!"

"ತೆರೆದಿದ್ದರೆ ನೋಡೋದು ನನ್ನ ಡ್ಯೂಟಿ. ನೋಡಿದ್ದನ್ನ ಹೇಳೋದು ಡ್ಯೂಟಿ ಅಲ್ಲ. ಕಾರು ಈಗ ನಿಮ್ಮದು, ನೀವೇ ನೋಡಿ." ಪೇದೆ ಪಕ್ಕಕ್ಕೆ ಸರಿದು, ಬೀದಿಗೆ ಮುಖ ಮಾಡಿ ನಿಂತ.

ಆಕೆ ಮೊದಲ ಸಲ ಗಂಡನ ಸೀಟಿನಲ್ಲಿ ಕೂತಳು. ಸ್ಟೀರಿಂಗಿನ ಪಕ್ಕದ ಖಾನೆ ಎಳೆದಳು. ಒಳಗಿದ್ದದ್ದು ಒಂದು ಹಿತ್ತಾಳೆ ಬೀಗ, ಅದರದೊಂದು ಕೀಲಿ. ಅವಳಿಗೆ ಗುರುತಿದ್ದ ಬೀಗವೇ. ಮದುವೆಯಾದ ಹೊಸದರಲ್ಲಿ ಅಜ್ಜ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅದನ್ನು ತೆಗೆದು ತೋರಿಸಿ ಅವಳ ಅಕ್ಕತಂಗಿಯರನ್ನು ಬೆರಗುಗೊಳಿಸಿದ್ದರು. ಈಗ ಕೀಲಿತೂತಿನ ಸುತ್ತ, ಕೋಳಿ ಕೆದಕಿದ ಅಂಗಳದ ಹಾಗೆ, ಗೀರೇ ಗೀರು. ನೂರು ಸಲ ತೂತು ತಪ್ಪಿದ ಕೀಲಿಯ ಗೀರು.

ಈಚೆಗೆ ಮನೆ ಬಾಗಿಲಲ್ಲಿ ಅಜ್ಜ "ನೀನೇ ತೆಗಿ, ನನ್ನ ಕೈಯಲ್ಲಿ ಸಾಮಾನಿದೆ" ಎನ್ನುತ್ತಿದ್ದರು. ಕೈಯಲ್ಲಿರುತ್ತಿದ್ದದ್ದು ಒಂದು ಪೇಪರು. ಕಾಫಿಗೆ "ಅರ್ಧ ಲೋಟ ಸಾಕು" ಎನ್ನುತ್ತಿದ್ದರು. ವಯಸ್ಸಾಯಿತು, ಬಾಯಿರುಚಿ ಕಡಿಮೆಯಾಯಿತು ಎಂದುಕೊಂಡಿದ್ದಳು. ತುಳುಕಬಾರದು ಎಂದು ಕೇಳಿದ ಅರ್ಧ ಲೋಟ ಅದು.

"ಮೊದಲನೇ ಸಲ ನಿಜವಾಗಿ ಬೀಗ ಹಾಕಿದ್ದೆ," ಪೇದೆ ತಿರುಗದೆಯೇ ಹೇಳಿದ. "ಮಾರನೇ ದಿನ ಬಂದು ನೋಡಿದರೆ, ನಿಮಗೆ ಕಾಣದ ಹಾಗೆ ತಂದ ಕೀಲಿ ಹಿಡಕೊಂಡು ಕಾಲು ಗಂಟೆಯಿಂದ ಬಾಗಿಲ ಹತ್ತಿರ ಒದ್ದಾಡ್ತಿದ್ದರು. ನಾನೇ ತೆಗೆದುಕೊಟ್ಟೆ. 'ಬೀಗದವನ ಕೈ ನಡುಗುತ್ತೆ ಅಂತ ಮನೇಲಿ ಗೊತ್ತಾಗೋದು ಬೇಡ. ಅಭ್ಯಾಸ ಮಾಡಿ ಸರಿಮಾಡ್ಕೋತೀನಿ' ಅಂದರು."

"ಹುಚ್ಚಪ್ಪ!" ಎಂದಳು ಆಕೆ. ಯಾರಿಗೆಂದು ಪೇದೆ ಕೇಳಲಿಲ್ಲ.

ಬೀಗವನ್ನು ಎಲ್ಲಿತ್ತೋ ಅಲ್ಲೇ ಇಟ್ಟು, ಖಾನೆ ಮುಚ್ಚಿ ಆಕೆ ಇಳಿದಳು. ಪೇದೆ ಜೇಬಿನಿಂದ ಚೀಟಿ ಪುಸ್ತಕ ತೆಗೆದು, ಅಭ್ಯಾಸಬಲದಿಂದ ಬಾಗಿಲಿಗೆ ಕೈ ಹಾಕಿದ. "ಇವತ್ತು ಬೀಗ ಹಾಕಲಾ ಅಮ್ಮ?"

"ಚೀಟಿ ಬರಿ. ಸಾಹೇಬರಿಗೆ ಅಷ್ಟು ಸಾಕು."

ಅವನು ಬರೆದುಕೊಟ್ಟ ಚೀಟಿಯನ್ನು ಕಂತೆಗೆ ಸೇರಿಸಿ ದಾರ ಬಿಗಿದಳು. ಆಮೇಲೆ, ಹೋಗಿಬರುವವರು ನೋಡುತ್ತಾರೆಂಬ ಪರಿವೆಯಿಲ್ಲದೆ ಬೀದಿಯಲ್ಲೇ ಕೈ ಮುಗಿದಳು. ಪೇದೆ ಟೋಪಿಯನ್ನು ಎದೆಗೊತ್ತಿಕೊಂಡ.

"ಸ್ವಾಮೀ, ಆ ಜೀವಕ್ಕೆ ಶಾಂತಿ ಕೊಡು. ನಿನ್ನ ಮನೆ ಬಾಗಿಲನ್ನ ಬೀಗ ಹಾಕದೆ ಸುಮ್ಮನೆ ಮುಂದಕ್ಕೆ ಮಾಡಿಟ್ಟಿರು. ಕೈಗೆ ಕೀಲಿ ಕೊಟ್ಟು ಹೊರಗೆ ನಿಲ್ಲಿಸಬೇಡ. ಯಾರಾದರೂ ನೋಡ್ತಿದ್ದರೆ ನಮ್ಮವರಿಗೆ ನಾಚಿಕೆ."