ಮಂಗಳಕ್ಕೆ ಹೊರಟ ಎಂಜಲು

ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆದಿದ್ದ ಹಳದಿ ಲೋಳೆಯನ್ನು ಕಂಡು ಗೌಹರ್ ಅದನ್ನು ದೂರ ಸರಿಸಿದಳು. ಮನುಷ್ಯನ ಬಾಯಲ್ಲಿ ಬದುಕುವ ಕ್ರಿಮಿ. ಮಂಗಳ ಗ್ರಹದ ಮಣ್ಣು ಬಗೆಯಬೇಕಿದ್ದ ಯಂತ್ರದ ತೋಳಿನ ಮೇಲಿಂದ ಒರೆಸಿ ತೆಗೆದದ್ದು.

ಉಡಾವಣೆ ನಿಂತಿತು. ಮಂಗಳ ಮತ್ತೆ ಹತ್ತಿರ ಬರಲು ಇನ್ನೆರಡು ವರ್ಷ ಕಾಯಬೇಕು. ಅಲ್ಲಿ ಜೀವವಿದೆಯೇ ಎಂದು ಹುಡುಕಲು ಹೊರಟ ಯಂತ್ರವೇ ಇಲ್ಲಿಯ ಜೀವವನ್ನು ಅಲ್ಲಿ ಬಿತ್ತಿದರೆ ಹುಡುಕಿ ಏನು ಬಂತು? ಅದಾಗದಂತೆ ಕಾಯುವುದೇ ಗೌಹರ್‌ಳ ಕೆಲಸ. ಈಗ ಅವಳ ಮಾನವೇ ಆ ಲೋಳೆಯಲ್ಲಿ ಬಿದ್ದಿತ್ತು.

ಯಾರ ಎಂಜಲೆಂದು ಅವಳು ಯೋಚಿಸಲೂ ಇಲ್ಲ. ಸೇತ್ಕಲಿಯದೇ. ಅವನು ಉಡಾವಣಾ ನೆಲೆಯ ಹಳೆಯ ಬೆಸುಗೆಗಾರ. ದವಡೆಯಲ್ಲಿ ಸದಾ ಹೊಗೆಸೊಪ್ಪು, ಮೀಸೆಯ ತುದಿಯಲ್ಲಿ ಹಸಿರು ಜೊಲ್ಲು. ಸಿರ್ ದರಿಯಾ ನದಿಯ ದಂಡೆಯ ಹೆಂಗಸರು ಅವನ ಕೈಗುಣ ಬರಲೆಂದು ಕೂಸುಗಳ ಬಾಯಿಗೆ ಅವನಿಂದಲೇ ಉಗುಳಿಸುತ್ತಿದ್ದರು. ನೆನೆದರೇ ಗೌಹರ್‌ಗೆ ವಾಕರಿಕೆ. ತನ್ನನ್ನು ಸಾಕಿದ ಅಜ್ಜಿಯೂ ಅಂಥವಳೇ ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಕೊನೇ ಪರೀಕ್ಷೆ ದಿನ ಯಂತ್ರದ ಕೋಣೆ ಒಳಗೆ ಬಂದಿದ್ಯಾ, ಅಜ್ಜಾ?" ಎಂದು ಅವನನ್ನು ಕರೆಸಿ ಕೇಳಿದಳು.

"ಇಲ್ಲ ಮಗಳೇ. ಗಾಜಿನಾಚೆ ನಿಂತಿದ್ದೆ. ಒಳಗಿದ್ದೋಳು ನೀನು. ಕನ್ನಡಕಕ್ಕೆ ಮಬ್ಬು ಹಿಡಿದು ಪರದಾಡ್ತಿದ್ದೆ, ಪಾಪ."

"ಮಾತು ತಿರುಗಿಸ್ಬೇಡ. ಮತ್ತೆ ಗೋಡೆ ಉಗುಳ್ತಾ?"

"ಗೋಡೆಗೆಲ್ಲಿ ಬಾಯಿ? ಯಾರೋ ಪ್ರೀತಿಯಿಂದ ಹರಸಿರ್ತಾರೆ, ಬಿಡು."

"ಎಂಜಲಿಗೆ ಒಳ್ಳೆ ಹೆಸರಿಟ್ಟಿದ್ದೀಯ," ಎಂದು ಅವಳು ಮುಖ ಸಿಂಡರಿಸಿದಳು. "ಇವತ್ತೇ ಗಂಟುಮೂಟೆ ಕಟ್ಟು. ಇನ್ಮೇಲೆ ಬೇಲಿ ಹತ್ರಾನೂ ಸುಳೀಬೇಡ."

 ಆ ಯಂತ್ರ ಮುದುಕ ಬೆಸೆದ ಕೊನೆಯದು. ಅದು ಹಾರುವುದನ್ನು ನೋಡಿ ಮನೆಗೆ ಹೋಗುತ್ತೇನೆಂದು ವರ್ಷವಿಡೀ ಹೇಳಿಕೊಂಡು ತಿರುಗಿದ್ದ. ಆದರೂ ಸುತ್ತಿಗೆ ಇಕ್ಕಳಗಳನ್ನು ಚೀಲಕ್ಕೆ ತುಂಬಿಕೊಂಡ.

ಮಧ್ಯಾಹ್ನ ಅವನು ಗೇಟು ದಾಟುವುದನ್ನು ಕಣ್ಣಾರೆ ಕಾಣಲು ಗೌಹರ್ ಹಿಂದೆಯೇ ಬಂದಳು. ಬಯಲಿನಲ್ಲೂ ಮುಖಗವಸು ತೆಗೆಯದವಳು ಅವಳು. ಊರವರ ಉಸಿರನ್ನೂ ನಂಬುತ್ತಿರಲಿಲ್ಲ. ಅವನ ಗುರುತಿನ ಬಿಲ್ಲೆಯನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದುಕೊಂಡಳು.

ಗೇಟಿನಾಚೆ ಅವನ ಸೊಸೆ ಕೂಸನ್ನೆತ್ತಿಕೊಂಡು ಕಾಯುತ್ತಿದ್ದಳು. ಸೇತ್ಕಲಿ ಚೀಲ ಕೆಳಗಿಟ್ಟು ಮೊಮ್ಮಗನನ್ನು ಎತ್ತಿಕೊಂಡ. ಬಯಲುಗಾಳಿಗೆ ಹೊದಿಕೆ ಸರಿಯಿತು. ಗುಂಡು ಕೆನ್ನೆ, ಹಲ್ಲಿಲ್ಲದ ನಗು. ಕೂಸು ನೇರ ಗೌಹರ್‌ಳನ್ನೇ ನೋಡಿ ನಕ್ಕಿತು.

ಅವಳ ಸಿಟ್ಟು ಅರೆಗಳಿಗೆ ಎಲ್ಲಿ ಹೋಯಿತೋ. ಕೈ ತಾನಾಗಿ ಮುಖಗವಸನ್ನು ಗಲ್ಲಕ್ಕೆ ಇಳಿಸಿತು.

"ಎಷ್ಟು ಚೆಂದ ಇದ್ದೀಯೋ, ನನ್ನ ರಾಜ," ಎಂದಳು. "ಕಣ್ಣು ಬೀಳದಿರ್ಲಿ. ಥೂ, ಥೂ, ಥೂ."

ಕೂಸಿನ ಕೆನ್ನೆಯ ಮೇಲೆ ಸಣ್ಣ ಹನಿಯೊಂದು ಹೊಳೆಯಿತು. ಮುದುಕ ಅದನ್ನು ಒರೆಸಲಿಲ್ಲ.

"ಆವತ್ತು ಆ ಯಂತ್ರಕ್ಕೂ ನೀನು ಹೀಗೇ ಅಂದೆ ಮಗಳೇ, ಮುಖಗವಸು ಇಳಿಸಿ," ಎಂದ. "ಹರಸಿದೋರನ್ನ ಹಿಡಿದುಕೊಡಬಾರ್ದು ಅಂತ ಸುಮ್ನಿದ್ದೆ."