ಅಪ್ಪನ ಪಾಲಿನ ಔಷಧ

ಮಗುವಿಗೆ ಜ್ವರ ಬಂದರೆ ಔಷಧವನ್ನು ಹೆತ್ತವರು ಕುಡಿಯುತ್ತಾರೆ. ಮಗುವಿನ ಮೈ ತಣ್ಣಗಾಗುತ್ತದೆ. ಇಬ್ಬರಲ್ಲಿ ಒಬ್ಬರೇ ಕುಡಿಯಬೇಕೆಂದು ಬಾಟಲಿಯ ಮೇಲೆಯೇ ಬರೆದಿರುತ್ತದೆ.

ವಿಚ್ಛೇದನದ ನಂತರ ಗದಗದಲ್ಲಿ ಒಬ್ಬನೇ ಇದ್ದ ಬಸವಂತ, ಮಗಳು ಇಂಚರಾಗೆ ಜ್ವರವೆಂದು ಕೇಳಿದಾಗಿನಿಂದ ಹೊತ್ತುಹೊತ್ತಿಗೆ ಔಷಧ ಕುಡಿಯುತ್ತಿದ್ದ. ಕೋರ್ಟು ದೂರ ಮಾಡಿದ ಮೇಲೆ ತನ್ನ ಗುಟುಕು ಅವಳನ್ನು ತಲುಪೀತೆಂಬ ನಂಬಿಕೆ ಅವನಿಗಿರಲಿಲ್ಲ. ಆದರೂ ಸುಮ್ಮನಿರಲು ಆಗಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಿಂದ ಇಂಚರಾಳ ತಾಯಿ ವಿಶಾಲಾಕ್ಷಿ ಫೋನು ಮಾಡಿದಳು.

"ಕೂಸಿನ ಕಣ್ಣು ಹಳದಿ ಆಗ್ಯಾವ. ಔಷಧ ಹೆಚ್ಚಾಗಿ ಲಿವರ್‌ಗೆ ಪೆಟ್ಟು ಬಿದ್ದೈತಂತ. ನಾ ಅಳತಿ ತಪ್ಪಿಲ್ಲ. ನೀವೂ ಕುಡದೀರೇನು?"

ಬಸವಂತ ಕೈಯಲ್ಲಿದ್ದ ಅಳತೆಯ ಮುಚ್ಚಳವನ್ನು ಕೆಳಗಿಟ್ಟ.

"ಹೂಂ. ನಂದು ಆಕಿಗೆ ಮುಟ್ಟಂಗಿಲ್ಲ ಅಂದ್ಕೊಂಡಿದ್ದೆ."



"ಮುಟ್ಟದೇ ಇರತೈತೇನ್ರೀ," ಎಂದಳು ವಿಶಾಲಾಕ್ಷಿ. "ನೀವು ಆಕಿ ಅಪ್ಪ ಅದೀರಿ."